ಎರಡು ಕಾಟಾ, ಒಂದು ಬಣ್ಣ

ಇವತ್ತು ಬೆಳಿಗ್ಗೆ ಕಚೇರಿಗೆ ಬಂದು ನೋಡಿದರೆ ನನ್ನ ಕಂಪ್ಯೂಟರ್ ಹೊಸ ವೇಷ ತೊಟ್ಟು ಕೂತಿತ್ತು. ಅಪ್‌ಡೇಟ್ ಆಗಿದೆಯಂತೆ. ಪರದೆಯ ಮೇಲಿನ ಚಿತ್ರಗಳೆಲ್ಲ ಒಂದೇ ಗುಂಡು, ಕಿಟಕಿಗಳೆಲ್ಲ ಒಂದೇ ಬೂದುಬಣ್ಣ. ನೋಡಲು ಚೆಂದವೇ. ನನ್ನ ಉಸ್ತುವಾರಿಯಲ್ಲಿರುವ ಉಳಿದ ಹನ್ನೊಂದು ಕಂಪ್ಯೂಟರುಗಳಿಗೂ ಇದೇ ರೂಪ ಕೊಡಲೇ ಎಂದು ಅದು ಕೇಳುತ್ತಿತ್ತು. ಬೆರಳು ಎಂಟರ್ ಬಟನ್ನಿನ ಮೇಲೆ ನಿಂತಿತು, ಒತ್ತಲಾಗಲಿಲ್ಲ. ನಿಮಗೆ ಇದು ಅತಿಯೆನಿಸಬಹುದು. ಬಣ್ಣಕ್ಕೆ ಹೆದರುವ ಇನ್ನೊಬ್ಬ ಮನುಷ್ಯನನ್ನು ನಾನೂ ಕಂಡಿಲ್ಲ.

ಗಣಿಯ ಭರಾಟೆ ಜೋರಾಗಿದ್ದ ಕಾಲ. ಸಿರುಗುಪ್ಪದಿಂದ ಬಂದು, ಬಳ್ಳಾರಿಯಲ್ಲಿ ಬಿ.ಎಸ್ಸಿ. ಮುಗಿಸಿ, ಕೌಲ್ ಬಜಾರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದೆ. ಒಂದು ಮಗ್ಗುಲಿಗೆ ಸ್ಟೋವ್ ರಿಪೇರಿ, ಇನ್ನೊಂದಕ್ಕೆ ಅತ್ತರಿನಂಗಡಿ. ನಡುವೆ ಎರಡರ ವಾಸನೆಯನ್ನೂ ಕುಡಿಯುತ್ತ ನಾನು. ಉಚಿತವಾಗಿ ಸಿಗುವ ಆಪರೇಟಿಂಗ್ ಸಿಸ್ಟಮ್ ಹಾಕಿ ಅದನ್ನು ಸಿಂಗರಿಸುವುದು ನನ್ನ ಹುಚ್ಚು. ಮೊದಲು ಮೂಡುವ ಪರದೆಯಿಂದ ಹಿಡಿದು ಮೌಸಿನ ಬಾಣದವರೆಗೆ ಒಂದೇ ಬಣ್ಣ, ಒಂದೇ ಅಂಚು. ಒಂದು ಚಿತ್ರ ಕೂದಲೆಳೆಯಷ್ಟು ಬೇರೆಯಾದರೂ ನನಗೆ ಊಟ ರುಚಿಸುತ್ತಿರಲಿಲ್ಲ.

ಕುಡತಿನಿಯಾಚೆ ಅದಿರು ರಾಶಿ ಹಾಕಿ ಮಾರುವ ಪ್ಲಾಟ್ ಇಟ್ಟಿದ್ದ ಧಣಿಯೊಬ್ಬರಿಗೆ ಈ ಹುಚ್ಚು ಹಿಡಿಸಿತು. ಅವರದು ನವಿಲುಗೊರಳಿನ ಬಣ್ಣ. ಮನೆ, ಕಾರು, ಲಾರಿಗಳ ಹಣೆ, ಕೂಲಿಯವರ ಹೆಲ್ಮೆಟ್ಟು, ಕೊನೆಗೆ ಚಹಾದ ಕಪ್ಪು-ಬಸಿ ಸಹ ಅದೇ. ಕೆಂಪು ಧೂಳು ಬೇವಿನ ಗಿಡವನ್ನೂ ನಾಯಿಯನ್ನೂ ಮನುಷ್ಯರ ರೆಪ್ಪೆಯನ್ನೂ ಆಗಲೇ ಒಂದೇ ಬಣ್ಣ ಮಾಡಿ ಮುಗಿಸಿತ್ತು. ಅದರೊಂದಿಗೆ ಪಂದ್ಯಕ್ಕಿಳಿದವರಂತೆ ಧಣಿ, ಯಾವ ಕಂಪ್ಯೂಟರ್ ನೋಡಿದರೂ ಇದು ನನ್ನದೆಂದು ತಿಳಿಯಬೇಕು ಎಂದರು. ನನಗೆ ಹಬ್ಬ.

ಕಾಟಾದ ಕೋಣೆ ಕೊನೆಗೆ ಉಳಿದಿತ್ತು. ಕಾಟಾ ಅಂದರೆ ಲಾರಿ ತೂಗುವ ಕಬ್ಬಿಣದ ಹಾಸು. ಕೋಣೆಯ ಆ ಕಡೆಗೊಂದು, ಈ ಕಡೆಗೊಂದು. ಎರಡಕ್ಕೂ ಸೇರಿ ಒಂದೇ ಕಂಪ್ಯೂಟರ್, ಅದರ ಮುಂದೆ ರಸೂಲ್ ಚಾಚಾ. ಪರದೆಯ ಮೇಲೆ ಕಾಟಾಕ್ಕೊಂದು ಕಿಟಕಿ: ಒಂದು ಹಳದಿ, ಒಂದು ಗುಲಾಬಿ. ತೂಕ ನೋಡಿ ಎಂಟರ್ ಒತ್ತಿದರೆ ಆ ಕಾಟಾದ ಗಂಟೆ ಹೊಡೆಯುತ್ತದೆ, ಡ್ರೈವರ್ ಲಾರಿಯನ್ನು ಮುಂದಕ್ಕೆ ಬಿಡುತ್ತಾನೆ. ಗಾಜಿಗೆ ಧೂಳು ಮೆತ್ತಿ ಹೊರಗಿನದೇನೂ ಕಾಣುತ್ತಿರಲಿಲ್ಲ. ಆ ಹಳದಿ, ಆ ಗುಲಾಬಿ ನೋಡಿ ನನಗೆ ಮೈಯೆಲ್ಲ ಉರಿಯಿತು. ಇದೇನು ಮಿಠಾಯಿ ಅಂಗಡಿಯೇ? ಚಾಚಾ ಚಹಾಕ್ಕೆಂದು ಎದ್ದಾಗ ಎರಡನ್ನೂ ನವಿಲುಗೊರಳು ಮಾಡಿದೆ. ಒಂದು, ಎರಡು ಎಂಬ ಅಂಕಿಗಳನ್ನು ಮೂಲೆಯಲ್ಲಿ ಸಣ್ಣದಾಗಿ, ನಾಜೂಕಾಗಿ ಇಟ್ಟೆ.

ಚಾಚಾ ಬಂದು ಪರದೆ ನೋಡಿ, "ಮದುವಿ ಮನಿ ಮಾಡೀಯಲ್ಲೋ ತಮ್ಮಾ," ಅಂದರು. ಅದನ್ನು ನಾನು ಹೊಗಳಿಕೆಯೆಂದೇ ತಿಳಿದೆ. ಲಾರಿಗಳ ಸಾಲು ಹಾರನ್ ಹೊಡೆಯುತ್ತಿತ್ತು. ಅವರು ಕೂತು ಕೆಲಸ ಶುರುಮಾಡಿದರು. ನಾನು ಹಿಂದೆ ನಿಂತು ನನ್ನ ಕೈಚಳಕವನ್ನೇ ನೋಡುತ್ತಿದ್ದೆ.

ಬಾದನಹಟ್ಟಿಯ ಈರಮ್ಮ ಕಾಟಾದ ಮೇಲೆ ಉದುರಿದ ಅದಿರು ಗುಡಿಸುವವಳು. ಆಗ ಎರಡನೆಯ ಕಾಟಾದಲ್ಲಿ, ಚಾಚಾಗೆ ಕೂಗಿ ಹೇಳಿ, ನಿಂತ ಲಾರಿಯ ಚಕ್ರದ ಮುಂದೆ ಬಗ್ಗಿದ್ದಳು. ಚಾಚಾ ಒಂದನೆಯದೆಂದುಕೊಂಡು ಎಂಟರ್ ಒತ್ತಿದರು. ಗಂಟೆ ಎರಡನೆಯದರಲ್ಲಿ ಹೊಡೆಯಿತು. ಸದ್ದು ಬೇರೆ ಕಡೆಯಿಂದ ಬಂತೆಂದು ನನಗೆ ತಿಳಿಯಿತು, ಆದರೆ ನಾಲಿಗೆ ಏಳಲಿಲ್ಲ. ಎಂಜಿನ್ ಗುಡುಗಿತು, ಹೆಂಗಸೊಬ್ಬಳು ಚೀರಿದಳು. ಈಗಲೂ ನನಗೆ ಅದು ಅದೇ ಕ್ರಮದಲ್ಲಿ ಕೇಳಿಸುತ್ತದೆ. ಹಲ್ಲುಜ್ಜುವಾಗ, ಬಸ್ಸಿಗೆ ಕಾಯುವಾಗ: ಗಂಟೆ, ಎಂಜಿನ್, ಚೀರು. ಪ್ರತಿ ಸಲವೂ ನಾನು ಕೂಗಬೇಕೆಂದುಕೊಳ್ಳುತ್ತೇನೆ, ಪ್ರತಿ ಸಲವೂ ತಡವಾಗುತ್ತದೆ.

ಓಡಿಹೋಗಿ ನೋಡಿದರೆ ಈರಮ್ಮ ಹಾಸಿನಿಂದಾಚೆ ಕಾಲು ಚಾಚಿ ಕೂತಿದ್ದಳು. ಕಸಬರಿಗೆಯ ಅರ್ಧ ಅವಳ ಕೈಯಲ್ಲಿತ್ತು, ಉಳಿದರ್ಧ ಚಕ್ರದ ಕೆಳಗೆ.

ಯಾರೋ ನೀರು ಕೊಟ್ಟರು. ಅವಳು ಕುಡಿಯದೆ, ಚೊಂಬು ಹಿಡಿದುಕೊಂಡೇ ಕೋಣೆಗೆ ಬಂದು ಪರದೆಯ ಮುಂದೆ ನಿಂತಳು. ಓದು ಬಾರದವಳು. ಬಹಳ ಹೊತ್ತು ನೋಡಿದಳು.

"ಎರಡೂ ಒಂದ ಥರಾ ಅದಾವಲ್ಲ ರಸೂಲಣ್ಣ," ಅಂದಳು. "ನಾ ಯಾವುದ್ರಾಗ ಅದೀನಿ?"

ಚಾಚಾ ಮುಖದ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. ಬೈದಿದ್ದರೆ ಹಗುರಾಗುತ್ತಿದ್ದೆ. "ಬಣ್ಣ ಬಳಿಯಾಕ ಮೊದಲ ಒಂದು ಮಾತು ಕೇಳಬಾರದೇನೋ ತಮ್ಮಾ," ಎಂದಷ್ಟೇ ಅಂದರು.

ಅಲ್ಲೇ ಕೂತು ಹಳದಿ, ಗುಲಾಬಿ ಎರಡನ್ನೂ ಮರಳಿ ತಂದೆ. ಮೂರು ಸಲ ತಪ್ಪಿತು. ಕಾಟಾದ ಕೋಣೆಗೆ ನಿಮ್ಮ ಬಣ್ಣ ಹಾಕಲಾರೆನೆಂದು ಧಣಿಗೆ ನಾನೇ ಹೋಗಿ ಹೇಳಿದೆ, ಕೆಲಸ ಹೋದರೆ ಹೋಗಲಿ ಎಂದು. ಅವರು ಫೋನಿನಿಂದ ಕಣ್ಣೆತ್ತದೆ, "ಇರಲಿ ಬಿಡು, ಆ ಧೂಳಿನ ಕೋಣ್ಯಾಗ ಯಾರು ಬಂದು ನೋಡ್ತಾರ," ಅಂದರು. ಯಾರೂ ನೋಡದ ಅಂದಕ್ಕಾಗಿ ನಾನು ಅಷ್ಟು ಮಾಡಿದ್ದೆ. ಈರಮ್ಮ ಮರುದಿನ ತನ್ನೂರ ಕಡೆಯ ಕುರುಗೋಡಿನ ಬಸ್ಸಿಳಿದು ಹೊಸ ಕಸಬರಿಗೆ ಹಿಡಿದು ಬಂದಳಂತೆ. ನಾನು ಮತ್ತೆ ಆ ಕಡೆ ಹೋಗಲಿಲ್ಲ.

ಇವತ್ತು ಎಂಟರಿನಿಂದ ಬೆರಳು ತೆಗೆದೆ. ಎದ್ದು ಹೋಗಿ, ಕಿಟಕಿಯ ಹತ್ತಿರ ಕೂರುವ ಟೈಪಿಸ್ಟ್ ಶಾಂತಾಳನ್ನು, ಪರದೆಯ ಮೇಲೆ ಯಾವ ಗುರುತು ಹಿಡಿದು ಕೆಲಸ ಮಾಡುತ್ತೀಯ ಎಂದು ಕೇಳಿದೆ. ಪರೀಕ್ಷೆಯೋ ತಮಾಷೆಯೋ ತಿಳಿಯದೆ ಅವಳು ನನ್ನ ಮುಖ ನೋಡಿದಳು.

"ಮ್ಯಾಲೆ ಕೆಂಪು ಪಟ್ಟಿ ಬಂದ್ರ ಅಳಸೋ ಕಡೆ ಅದೀನಿ ಅಂತ ಗೊತ್ತಾಗತೈತ್ರಿ ಸರ್. ಅದೊಂದು ತೆಗೀಬ್ಯಾಡ್ರಿ."

ಚೀಟಿಯಲ್ಲಿ ಬರೆದುಕೊಂಡೆ. ಇನ್ನೂ ಹತ್ತು ಮಂದಿ ಇದ್ದರು. ಕುರ್ಚಿ ಎಳೆದುಕೊಂಡು ಮುಂದಿನವರ ಪಕ್ಕದಲ್ಲಿ ಕೂತೆ.