ಒಂದೇ ಬೊಂಬೆಯ ಕಟ್ಟು

ಆ ಹಾಳೆಗಳ ಕಟ್ಟಿಗೆ ಎಂಬತ್ತು ರೂಪಾಯಿ ಕೊಡಲು ಒಪ್ಪಿದ್ದೆ. ರದ್ದಿ ಕೊಳ್ಳುವ ನನಗೆ ಅದು ಜಾಸ್ತಿಯೇ. ಆದರೆ ಕಾಗದ ಗಟ್ಟಿಯಾಗಿತ್ತು, ಹಿಂಬದಿ ಖಾಲಿಯಿತ್ತು. ನಾಗಮಂಗಲದ ಅಂಗಡಿಯವರು ಪೊಟ್ಟಣ ಕಟ್ಟಲು ಖಂಡಿತ ಕೊಳ್ಳುತ್ತಾರೆಂದು ನನ್ನ ಲೆಕ್ಕ.

ಇದು ತೊಂಬತ್ತರ ದಶಕದ ಮಾತು. ಬಿಂಡಿಗನವಿಲೆಯ ಬಡಗಿ ಮನೆತನದವರೊಬ್ಬರು ಬೊಂಬಾಯಿಗೆ ಹೋಗಿ ಕಾರ್ಟೂನು ಸಿನಿಮಾಗಳ ನಿರ್ದೇಶಕರಾಗಿದ್ದರು. ಅವರು ತೀರಿಕೊಂಡ ಮೇಲೆ ಈ ಕಟ್ಟಿದ್ದ ಅವರ ಟ್ರಂಕು ತಂಗಿ ಸಾವಿತ್ರಮ್ಮನ ಮನೆಗೆ ಬಂದಿತ್ತು.

"ದೊಡ್ಡ ಡೈರೆಕ್ಟ್ರು ಅಂತಿದ್ರು. ನೋಡುದ್ರೆ ಇಪ್ಪತ್ತು ವರ್ಸ ಕುಂತ್ಕಂಡು ಒಂದೇ ಬೊಂಬೆ ಬರ್ದವ್ನೆ ಕಣಪ್ಪ ನಮ್ಮಣ್ಣ" ಎಂದು ಆಕೆ ನಕ್ಕರು. ನಿಜವೇ. ಹಾಳೆ ಹಾಳೆಗೂ ಸೊಂಟದಲ್ಲಿ ಬಿಂದಿಗೆ ಹೊತ್ತ ಅದೇ ಹೆಂಗಸು, ಬರೀ ಪೆನ್ಸಿಲ್ ಗೀಟು, ಮುಖವೂ ಇಲ್ಲ.

ತೂಕ ಬರಲೆಂದು ನಡುವೆ ಒದ್ದೆ ಹಾಳೆ ತುರುಕುವವರಿರುತ್ತಾರೆ. ಅದಕ್ಕೇ ಕಟ್ಟಿನ ಅಂಚು ಹಿಡಿದು ಹೆಬ್ಬೆರಳಿನಿಂದ ಸರ್ರನೆ ಬಿಟ್ಟೆ. ಹಾಳೆಗಳು ಒಂದರ ಹಿಂದೊಂದು ಓಡಿದಂತೆ ಹೆಂಗಸು ನಡೆದಳು! ಎಡಗಾಲು ಎಳೆಯುತ್ತಾ ಬಂದು, ಬಿಂದಿಗೆ ಇಳಿಸಿ, ಸೆರಗಿನಲ್ಲಿ ಕತ್ತು ಒರೆಸಿಕೊಂಡಳು.

ಸಾವಿತ್ರಮ್ಮ ನನ್ನ ಕೈ ಹಿಡಿದರು. "ಲೇ, ಇನ್ನೊಂದ್ಸಲ ಬುಡ್ಲಾ!"

ಬಿಟ್ಟೆ.

"ನಮ್ಮವ್ವ ಕಣ್ಲಾ... ಅವ್ಳು ಇಂಗೇ ಕಾಲೆಳ್ಕಂಡು ನೀರು ತರೋಳು. ಕೊಡಾಕಿಲ್ಲ, ಓಗು."

ಚೌಕಾಸಿಯಲ್ಲಿ ಸುಲಭಕ್ಕೆ ಸೋಲುವವನಲ್ಲ ನಾನು. ಅವತ್ತು ಕಟ್ಟನ್ನು ಅವರ ಕೈಗಿಟ್ಟು ತಕ್ಕಡಿ ಎತ್ತಿಕೊಂಡು ಬಂದೆ.

ನಿಮ್ಮ ಮನೆಯಲ್ಲೂ ತೀರಿಹೋದವರು ಬರೆದಿಟ್ಟ ಬೊಂಬೆಗಳ ಕಟ್ಟುಗಳಿದ್ದರೆ, ರದ್ದಿಯವನನ್ನು ಕರೆಯುವ ಮುಂಚೆ ನೀವೇ ಅಂಚು ಹಿಡಿದು ಒಮ್ಮೆ ಬಿಟ್ಟು ನೋಡಿ. ಹಾಳೆಗಳ ಸಾಲನ್ನು ಮಾತ್ರ ಕೆಡಿಸಬೇಡಿ. ಸಾಲು ತಪ್ಪಿದರೆ ಅವರು ನಡೆಯುವುದಿಲ್ಲ.