ಭಾಗ್ಯಮ್ಮನ ಮನೆಗೆ ಬಂದ ಆನೆಗಳು

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಹುಟ್ಟಿ ಎರಡು ಬೀದಿ ಆಚೆಗೆ ಸೊಸೆಯಾಗಿ ಹೋದದ್ದೇ ಭಾಗ್ಯಮ್ಮನ ಬದುಕಿನ ದೊಡ್ಡ ಪ್ರಯಾಣ. ಈಗ ಅರವತ್ತನಾಲ್ಕು ವರ್ಷ. ಮಂಡಿ ನೋವು, ಸೊಂಟ ನೋವು. ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ಗಂಡ ದೇವಣ್ಣ ಹೆಸರುವಾಸಿ ನೇಕಾರ. ಇಪ್ಪತ್ತೆರಡು ವರ್ಷದ ಹಿಂದೆ ಅವನ ಒಂದು ರೇಷ್ಮೆ ಸೀರೆಗೆ ಪ್ರಶಸ್ತಿ ಬಂದಿತ್ತು. ಶಾಲು ಹೊದ್ದು ನಿಂತ ಆ ಫೋಟೋ ನಡುಮನೆಯಲ್ಲಿ ದೇವರ ಪಟಕ್ಕಿಂತ ಒಂದು ಗೇಣು ಮೇಲಿದೆ. ಹಾಗಾಗಿ ಶಾಲೆಯಲ್ಲಿ ಇತಿಹಾಸದ ಪ್ರಾಜೆಕ್ಟ್ ಅಂದ ಕೂಡಲೇ ಮಕ್ಕಳು ಸೀದಾ ಇಲ್ಲಿಗೇ ಬರುತ್ತವೆ. ದೇವಣ್ಣನಿಗೆ ಮಾತೆಂದರೆ ಬೇಸರ. ಇತಿಹಾಸದ ಖಾತೆಯನ್ನು ಅವನು ಹೆಂಡತಿಗೆ ವಹಿಸಿದ್ದ.

ಭಾಗ್ಯಮ್ಮ ಆ ಖಾತೆಯನ್ನು ಮನಸೋ ಇಚ್ಛೆ ನಡೆಸಿದಳು. ಗಂಡನ ಮುತ್ತಜ್ಜ ಆನೆಯ ಮೇಲೆ ಮಗ್ಗ ಹೇರಿಕೊಂಡು ಕಾಡು ದಾಟಿ ಬಂದ ಎಂದು ಒಂದು ವರ್ಷ ಹೇಳಿದಳು. ಮರುವರ್ಷ ಎರಡು ಆನೆ. ಅದರ ಮುಂದಿನ ವರ್ಷ ನಾಲ್ಕು. ಅದರಲ್ಲೊಂದು ರಾಮಾಪುರದ ಹತ್ತಿರ ರೇಷ್ಮೆಯ ಕಟ್ಟು ನುಂಗಿ ಮೂರು ದಿನ ಹೊಟ್ಟೆನೋವಿನಿಂದ ನರಳಿತು. ಮಕ್ಕಳು ಬಾಯಿಬಿಟ್ಟುಕೊಂಡು ಬರೆದುಕೊಂಡವು, ಮೇಷ್ಟ್ರುಗಳು ಹತ್ತಕ್ಕೆ ಒಂಬತ್ತು ಕೊಟ್ಟರು.

ಈ ವರ್ಷ ಬಂದವಳು ಎದುರುಮನೆಯ ಅಂಜನಾ. ಒಂಬತ್ತನೇ ಕ್ಲಾಸು, ಕಂಕುಳಲ್ಲಿ ಹಳೆಯ ನೋಟ್‌ಬುಕ್ಕುಗಳ ರಾಶಿ.

"ಅಜ್ಜಿ, 'ಕೊಳ್ಳೇಗಾಲದ ರೇಷ್ಮೆಯ ಇತಿಹಾಸವೇನು' ಅಂತ ಪ್ರಶ್ನೆ ಬರ್ಕಂಡು ಓಗಿದ್ದೆ. ನಾಗಶ್ರೀ ಮಿಸ್ಸು ಒಪ್ನಿಲ್ಲ. ಇದು ಕೆರೆ ಕಣಮ್ಮ, ನಂಗೆ ಒಂದ್ ಲೋಟ ನೀರು ತಕಬಾ ಸಾಕು ಅಂದ್ರು."

"ಲೋಟ ಅಂದ್ರೆ?"

"ಚಿಕ್ ಪ್ರಶ್ನೆ. ಮೊಬೈಲಲ್ಲಿ ಉತ್ರ ಸಿಗ್ಬಾರ್ದು, ಊರೊಳ್ಗೇ ಸಿಗ್ಬೇಕು. ಇಬ್ರಾದ್ರೂ ಸಾಕ್ಷಿ ಏಳ್ಬೇಕು. ಅದ್ಕೆ ಹಳೇ ಪ್ರಾಜೆಕ್ಟೆಲ್ಲಾ ತಕಂಡು ನೋಡ್ದೆ. ಒಂದು ಸಿಕ್ತು." ಅಂಜನಾ ಗಂಟಲು ಸರಿಮಾಡಿಕೊಂಡು ಓದಿದಳು: "ದೇವಣ್ಣನವರ ಮನೆಗೆ ಬಂದ ಆನೆಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏಕೆ ಹೆಚ್ಚುತ್ತಿದೆ?"

ಭಾಗ್ಯಮ್ಮ ಗಾಬರಿಯಿಂದ ಎದ್ದಳು. ಪ್ರಾಜೆಕ್ಟುಗಳನ್ನು ಶಾಲೆಯ ಗೋಡೆಗೆ ಅಂಟಿಸುತ್ತಾರೆ, ನೋಡಲು ಇಡೀ ಬೀದಿ ಬರುತ್ತದೆ. ನಾಳೆಯಿಂದ ಸೊಪ್ಪು ತರಲು ಹೋದರೂ ಆನೆ ಹೇಗಿದೆ ಎಂದು ಕೇಳುವವರೇ. ಒಂದು ತಟ್ಟೆ ಕೋಡುಬಳೆ ತಂದು ಹುಡುಗಿಯ ಮುಂದಿಟ್ಟಳು.

"ಅದ್ ಬ್ಯಾಡ ಕಣ್ ಮಗ, ಬ್ಯಾರೆ ಪ್ರಶ್ನೆ ಕೊಡ್ತೀನಿ. ಬೀದೀಲಿ ಮಗ್ಗದ ಸದ್ದು ಯಾಕೆ ಕಮ್ಮಿ ಆಯ್ತು?"

"ಅದು ಕೆರೆನೇ ಅಜ್ಜಿ."

"ನಮ್ಮತ್ತೆ ನಂಗೆ ಎಷ್ಟು ಕಾಟ ಕೊಟ್ಲು?"

"ಅವ್ರು ಸತ್ತೋಗವ್ರಲ್ಲ, ಸಾಕ್ಷಿ ಯಾರು?" ಅಂಜನಾ ಎರಡನೇ ಕೋಡುಬಳೆ ಮುರಿದಳು. "ನೀವು ಸುಳ್ ಯಾಕೇಳುದ್ರಿ, ಅದ್ನೇ ಏಳಿ."

ಭಾಗ್ಯಮ್ಮನಿಗೆ ಸಿಟ್ಟು ಬಂತು. ರಾಶಿಯ ಅಡಿಯಿಂದ ಎಲ್ಲಕ್ಕಿಂತ ಹಳೆಯ ನೋಟ್‌ಬುಕ್ಕನ್ನು ಎಳೆದು ಎದುರಿಗೆ ಎಸೆದಳು.

"ಇದ್ರಲ್ಲಿ ಆನೆ ಅದಾ ನೋಡು. ಮೊದಲ್ನೇ ವರ್ಷ ನಿಜ್ವೇ ಏಳಿದ್ದು. ಒಂದ್ ಗಂಟೆ ಕುಂತ್ಕಂಡು, ಪ್ರಶಸ್ತಿ ಸೀರೆಗೆ ಎಳೆ ಕೆಚ್ಚಿದ್ದು ನಾನು ಅಂತ ಎಲ್ಲಾನೂ ಬಿಡಿಸಿ ಏಳ್ದೆ. ಕೊನೆಗೆ ಏನ್ ಬರ್ದವ್ರೆ ಓದು."

ಅಂಜನಾ ಹುಡುಕಿ ಓದಿದಳು. "ಮನೆಯ ಹೆಂಗಸರು ಸಹಾಯ ಮಾಡುತ್ತಿದ್ದರು."

"ನಿಜಕ್ಕೆ ಒಂದ್ ಸಾಲು. ಆನೆಗೆ ಎರಡ್ ಪುಟ, ಮ್ಯಾಲೆ ಬಣ್ಣದ ಚಿತ್ರ ಬ್ಯಾರೆ. ನೀನಾಗಿದ್ರೆ ಏನ್ ಏಳ್ತಿದ್ದೆ?"

ಕೆಚ್ಚುವುದೆಂದರೆ ಸಾಮಾನ್ಯ ಕೆಲಸವಲ್ಲ. ಮಗ್ಗದಲ್ಲಿ ಉಳಿದ ಹಳೆ ಹಾಸಿನ ಒಂದೊಂದು ಎಳೆಗೆ ಹೊಸ ಹಾಸಿನ ಒಂದೊಂದು ಎಳೆಯನ್ನು ಬೂದಿ ಮುಟ್ಟಿದ ಬೆರಳಲ್ಲಿ ಹೊಸೆದು ಸೇರಿಸಬೇಕು. ಸಾವಿರಾರು ಎಳೆ. ಒಂದು ತಪ್ಪಿದರೂ ಸೀರೆಯುದ್ದಕ್ಕೂ ಗೆರೆ ಬಿದ್ದು, ಪ್ರಶಸ್ತಿ ಹಾಗಿರಲಿ, ಅಂಗಡಿಯವನೂ ಮೂಸುವುದಿಲ್ಲ.

ಅಂಜನಾ ಆನೆಯ ಪ್ರಶ್ನೆಗೆ ಅಡ್ಡಗೆರೆ ಎಳೆದು ಹೊಸದು ಬರೆದಳು: ಪ್ರಶಸ್ತಿ ಸೀರೆಯ ಎಳೆಗಳನ್ನು ಕೆಚ್ಚಿದವರು ಯಾರು, ಎಷ್ಟು ದಿನ?

"ನಾನೊಬ್ಳೇ. ಜತೇಲಿ ಕೂರ್ತಿದ್ದ ನಾದ್ನಿ ಆಗ ಬಾಣಂತಿ. ಎರಡ್ ದಿನ," ಎಂದಳು ಭಾಗ್ಯಮ್ಮ.

"ಇನ್ನೊಂದ್ ಸಾಕ್ಷಿ ಬೇಕು. ತಾತನ್ನ ಕೇಳ್ತೀನಿ."

ದೇವಣ್ಣ ಜಗಲಿಯ ಮೇಲೆ ಪೇಪರ್ ಓದುತ್ತಿದ್ದ. ಅಂಜನಾ ಪ್ರಶ್ನೆಯನ್ನೂ ಅಜ್ಜಿಯ ಉತ್ತರವನ್ನೂ ಅವನಿಗೆ ಓದಿ ಹೇಳಿದಳು. ಭಾಗ್ಯಮ್ಮ ಬಾಗಿಲ ಹಿಂದೆ ನಿಂತು ಕಿವಿಗೊಟ್ಟಳು. ಆ ಸೀರೆಯಲ್ಲಿ ಹೆಂಡತಿಯ ಕೈಯಿದೆ ಎಂದು ಈ ಮನುಷ್ಯ ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ. ಈಗ ಇಲ್ಲವೆಂದರೆ ಅವಳು ಆನೆ ಸಾಕಿದ ಸುಳ್ಳಿಯಾಗಿಯೇ ಉಳಿಯಬೇಕು.

"ಇವ್ಳೇ ಕೆಚ್ಚಿದ್ದು," ಎಂದ ದೇವಣ್ಣ, ಪೇಪರ್ ಇಳಿಸದೆ. "ಎರಡ್ ದಿನಾನಾ? ಯಾರೇಳಿದ್ದು? ನಾಕ್ ದಿನ."

"ನಿಮ್ಗೆಂಗೆ ಗೊತ್ತು ತಾತ?"

"ಕೆಚ್ಚೋವಾಗ ನೇಯೋನ್ಗೆ ಏನಮ್ಮ ಕೆಲ್ಸ? ಮೊದಲ್ನೇ ದಿನ ಚೌಡೇಶನ ಜತೆ ಇಸ್ಪೀಟು. ಎರಡ್ನೇ ದಿನ ಹೊನ್ನೂರಲ್ಲಿ ಬೀಗರೂಟ. ಮೂರ್ನೇ ದಿನ ಅದು ಅರಗ್ದೆ ಮಲಗಿದ್ದೆ. ನಾಕ್ನೇ ದಿನ ಎದ್ ನೋಡುದ್ರೆ ಇವ್ಳು ಇನ್ನೂ ಕುಂತೇ ಅವ್ಳೆ, ಜ್ವರದಲ್ಲಿ ಮೈ ಸುಡ್ತಾದೆ." ಪೇಪರ್ ಮೆಲ್ಲಗೆ ಕೆಳಗಿಳಿಯಿತು. "ಶಾಲು ಹೊದಿಸ್ದಾಗ ಅಲ್ಲೇ ಏಳಬೇಕು ಅನ್ಕಂಡಿದ್ದೆ. ನನ್ ಕೈಗೆ ಮೈಕ್ ಕೊಡ್ನಿಲ್ಲ."

ಬಾಗಿಲ ಹಿಂದಿನಿಂದ ಭಾಗ್ಯಮ್ಮ ಹೊರಬಂದಳು. ಆನೆಗಳನ್ನು ವರ್ಷವರ್ಷವೂ ಹೆಚ್ಚಿಸಿದವಳು ತನ್ನ ನಾಲ್ಕು ದಿನವನ್ನು ಎರಡಕ್ಕೆ ಇಳಿಸಿದ್ದಳು. ಒಂದು ಸಾಲಿನಷ್ಟಾದರೂ ನಂಬಲಿ ಎಂದು. ಅದು ಈಗ ಹೊಳೆದು ಅವಳಿಗೆ ಅಳು ಬಂತು. ಅಳುತ್ತಲೇ ಬೈದಳು.

"ಇಪ್ಪತ್ತೆರಡು ವರ್ಷದಿಂದ ಮನೆಯೊಳ್ಗೂ ಮೈಕ್ ಬೇಕಿತ್ತೇನ್ರಿ ನಿಮ್ಗೆ?"

ದೇವಣ್ಣ ಮತ್ತೆ ಪೇಪರಿನ ಹಿಂದೆ ಅಡಗಿದ. ಪೇಪರ್ ತಲೆಕೆಳಗಾಗಿತ್ತು.

ಭಾಗ್ಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಅಂಜನಾಳ ಪಕ್ಕ ಕುಳಿತಳು. "ಬರ್ಕೊ. ನಾಕ್ ದಿನ. ಹೆಸ್ರು ಭಾಗ್ಯಮ್ಮ. ಹೆಂಗಸರು ಸಹಾಯ ಅಂತೇನಾರ ಬರ್ದೋ, ಆ ಕೋಡುಬಳೆ ಅಷ್ಟೂ ವಾಪಸ್ ಕಕ್ಕುಸ್ತೀನಿ."