ಆಂಟಿಯ ಕೊರಳಿನ ರಾಣಿ

ಅಲ್ ನಹ್ದಾದ ಆ ಕಟ್ಟಡಕ್ಕೆ ಬಂದ ಮೊದಲ ವರ್ಷ ವಾರದ ಹೆಚ್ಚಿನ ದಿನ ನಾನು ಒಬ್ಬಳೇ. ಗಂಡನ ಕೆಲಸ ಅಬುಧಾಬಿಯಲ್ಲಿ. ಗುರುವಾರ ಸಂಜೆ ಬಂದರೆ ಶನಿವಾರ ಸಂಜೆ ಹೊರಟುಬಿಡುತ್ತಿದ್ದರು. ಉಡುಪಿಯಲ್ಲಿ ಟೀಚರ್ ಕೆಲಸ ಬಿಟ್ಟು ಬಂದಿದ್ದೆ. ಮನೆಯಲ್ಲಿ ಒಂದು ದನಿ ಇರಲಿ ಎಂದು ಟಿವಿ ಹಾಕಿಟ್ಟು ಅಡುಗೆ ಮಾಡುತ್ತಿದ್ದೆ.

ಎದುರು ಫ್ಲ್ಯಾಟಿನ ಭಟ್ಕಳದ ಆಂಟಿಯದೂ ಹೆಚ್ಚುಕಡಿಮೆ ಅದೇ ಪಾಡು. ಮಗ, ಸೊಸೆ ಕೆಲಸಕ್ಕೆ ಹೋಗುತ್ತಿದ್ದರು. ಮೊಮ್ಮಕ್ಕಳು ಶಾಲೆಯಿಂದ ಬಂದು, ಅಜ್ಜಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿ ಕೋಣೆ ಸೇರುತ್ತಿದ್ದರು. ಆಂಟಿಯ ಸರದಲ್ಲಿ ಅಗಲವಾದ ಬೆಳ್ಳಿ ನಾಣ್ಯವೊಂದು ತೂಗುತ್ತಿತ್ತು. ಅವರ ಗಂಡ ಮಸ್ಕತ್ತಿನಲ್ಲಿದ್ದಾಗ ತಂದುಕೊಟ್ಟದ್ದು. "ಯಾವುದೋ ದೇಶದ ರಾಣಿ" ಎಂದಿದ್ದರಂತೆ. ಸವೆದ ಮುಖ, ಉದ್ದ ಕೂದಲು, ಕೂದಲಿಗೊಂದು ರಿಬ್ಬನ್.

ಒಂದು ದಿನ ಅದರ ಕೊಂಡಿ ಸಡಿಲವಾಯಿತು. ಜೊತೆಗೆ ಬಾ ಎಂದು ಕರೆದರು. ಇಬ್ಬರೂ ದೇರಾದ ಬೆಳ್ಳಿ ಅಂಗಡಿಗೆ ಹೋದೆವು. ಅಂಗಡಿಯ ಮುದುಕ ಭೂತಗನ್ನಡಿ ಹಿಡಿದು ಅಂಚಿನ ಅಕ್ಷರಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಹಿಂದಿಯಲ್ಲಿ ಹೇಳಿದ:

"ಇದು ರಾಣಿಯಲ್ಲ ಅಮ್ಮಾ. ಅರಬರ ಒಡವೆಯಲ್ಲಿ ಸಾಮಾನ್ಯವಾಗಿ ಆಸ್ಟ್ರಿಯಾದ ರಾಣಿ ಇರ್ತಾಳೆ. ಇವನು ಸ್ಯಾಕ್ಸನಿಯ ದೊರೆ. ಆಗ ಜರ್ಮನಿ ಒಂದೇ ದೇಶವಾಗಿರಲಿಲ್ಲ, ಎಷ್ಟೋ ಸಂಸ್ಥಾನಗಳು. ಒಬ್ಬೊಬ್ಬ ದೊರೆಯೂ ತನ್ನ ಮುಖದ ನಾಣ್ಯ ಹೊಡೆಸ್ತಿದ್ದ."

"ಈ ಕೂದಲು?" ಎಂದರು ಆಂಟಿ.

"ಆಗಿನ ಗಂಡಸರು ಹಾಗೇ ಕಟ್ಟಿಕೊಳ್ತಿದ್ರು."

ಕೊಂಡಿ ಸರಿಯಾಯಿತು. ಆದರೆ ಆಂಟಿ ಸರ ಹಾಕಿಕೊಳ್ಳದೆ ಪರ್ಸಿನಲ್ಲಿಟ್ಟರು. ಟ್ಯಾಕ್ಸಿ ಹತ್ತಿದೆವು.

"ಇಪ್ಪತ್ತು ವರ್ಷ ಇವಳ ಹತ್ರ ಮಾತಾಡಿದ್ದೇನೆ," ಎಂದರು. "ಹೆಂಗಸಲ್ವಾ, ಅರ್ಥ ಆಗ್ತದೆ ಅಂತ. ಅವರು ತೀರಿಕೊಂಡ ಮೇಲೆ ನನಗೆ ಬೇರೆ ಯಾರಿದ್ರು?"

"ಎಂತ ಹೇಳ್ತಿದ್ರಿ ಆಂಟಿ?"

"ಎಲ್ಲ. ಸೊಸೆ ಹತ್ರ ಹೇಳ್ಲಿಕ್ಕಾಗದ್ದು, ಮಗನ ಹತ್ರ ಹೇಳ್ಬಾರದ್ದು."

ನಗು ಬರಬೇಕಿತ್ತು, ಬರಲಿಲ್ಲ. ಅವರನ್ನು ನಮ್ಮ ಮನೆಗೇ ಕರೆದುಕೊಂಡು ಬಂದೆ. ಆ ಮಧ್ಯಾಹ್ನ ಅವರು ಭಟ್ಕಳದಲ್ಲಿ ತೀರಿಕೊಂಡ ಮಗಳ ಬಗ್ಗೆ ಹೇಳಿದರು. ಕೆಲಸ ಬಿಟ್ಟು ಬಂದದ್ದು ತಪ್ಪಾಯಿತೇನೋ ಎಂದು ನಾನೂ ಹೇಳಿದೆ. ಗಂಡನೆದುರು ಆ ಮಾತು ನನ್ನ ಬಾಯಿಂದ ಎಂದೂ ಹೊರಟಿರಲಿಲ್ಲ. ಆಂಟಿ ಸಮಾಧಾನದ ಮಾತೇನೂ ಆಡಲಿಲ್ಲ, "ಹ್ಞೂಂ" ಎಂದರು, ಅಷ್ಟೆ.

ಆಮೇಲೆ ನಾಲ್ಕೈದು ತಿಂಗಳು ದಿನಾ ಬರುತ್ತಿದ್ದರು. ಮಗನಿಗೆ ದೋಹಾದಲ್ಲಿ ಕೆಲಸ ಸಿಕ್ಕಿತು, ಹೊರಟುಹೋದರು. ಆ ಫ್ಲ್ಯಾಟಿಗೆ ಬಂದವರ ಭಾಷೆ ನನಗೆ ಬರುತ್ತಿರಲಿಲ್ಲ. ಲಿಫ್ಟಿನಲ್ಲಿ ಸಿಕ್ಕರೆ ಇಬ್ಬರೂ ನಗುತ್ತಿದ್ದೆವು.